ಮನೆ ಜಯನಗರದಲ್ಲಿ, ವೋಟು ಚಿಕ್ಕಪೇಟೆಗೆ: ಬೆಂಗಳೂರಿನ ಕ್ಷೇತ್ರಗಳ ಗಡಿ ಹೀಗ್ಯಾಕೆ?

ಅಶೋಕಪಿಲ್ಲರ್_153
ಬೆಂಗಳೂರು ಪಾಲಿಕೆಯ ಹಳೇ 198 ವಾರ್ಡ್ ಪಟ್ಟಿ ತೆಗೆದು ನೋಡಿ. 153ನೇ ವಾರ್ಡಿನ ಹೆಸರೇ ಜಯನಗರ. ಆದ್ರೆ ಅದು ಜಯನಗರ ವಿಧಾನಸಭಾ ಕ್ಷೇತ್ರದಲ್ಲಿಲ್ಲ, ಚಿಕ್ಕಪೇಟೆಯಲ್ಲಿದೆ. ಧರ್ಮರಾಯಸ್ವಾಮಿ ದೇವಸ್ಥಾನದ ಪೇಟೆ ಬೀದಿಗಳಿಗೂ ಅಶೋಕ ಪಿಲ್ಲರ್ ಕಡೆಯ ಬಡಾವಣೆಗೂ ಒಬ್ಬರೇ ಶಾಸಕರು. ಎರಡೂ ಕಡೆಯ ಸಮಸ್ಯೆಗೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಗೊತ್ತಿರೋರು ಹೇಳಿ: ಈ ಗೆರೆ ಎಳೆದಿದ್ದು ಯಾರು, ಯಾವ ಲೆಕ್ಕದ ಮೇಲೆ? ಮುಂದೆ ಬದಲಾಗುತ್ತಾ? ಕಾರ್ಪೊರೇಟರ್‌ಗಳೇ ಇಲ್ಲದೆ ಇಷ್ಟು ವರ್ಷ ನಡೆದಿರುವಾಗ ಯಾವ ಕೆಲಸಕ್ಕೆ ಶಾಸಕರ ಕಚೇರಿ, ಯಾವುದಕ್ಕೆ ಪಾಲಿಕೆ?

ಬೈರಸಂದ್ರ_ಕೆರೆ
ಜಯನಗರ ಕ್ಷೇತ್ರ, ಸಂಖ್ಯೆ 173. ಹಳೇ ಲೆಕ್ಕದಲ್ಲಿ ಏಳು ವಾರ್ಡು: ಪಟ್ಟಾಭಿರಾಮನಗರ, ಬೈರಸಂದ್ರ, ಜಯನಗರ ಪೂರ್ವ, ಗುರಪ್ಪನಪಾಳ್ಯ, ಜೆ.ಪಿ. ನಗರ, ಸಾರಕ್ಕಿ, ಶಾಕಾಂಬರಿನಗರ. ಜೆ.ಪಿ. ನಗರದವರು ಜಯನಗರಕ್ಕೆ ವೋಟು ಹಾಕ್ತಾರೆ, ಜಯನಗರದ ಒಂದಿಷ್ಟು ಜನ ಚಿಕ್ಕಪೇಟೆಗೆ. ಪಶ್ಚಿಮಕ್ಕೆ ಯಡಿಯೂರು ವಾರ್ಡ್ ಪದ್ಮನಾಭನಗರಕ್ಕೆ ಸೇರಿದೆ. ಒಂದು ಬಡಾವಣೆ, ಮೂರು ಶಾಸಕರು.

ಗಡಿನಕ್ಷೆ
ಮೊದಲ ಪ್ರಶ್ನೆಗೆ ಉತ್ತರ, ಸ್ವಲ್ಪ ಉದ್ದ ಆಗುತ್ತೆ.

ಈಗಿರುವ ಗಡಿ 2002ರ ಕ್ಷೇತ್ರ ಪುನರ್ವಿಂಗಡಣೆ ಕಾಯ್ದೆಯಡಿ ಬಂದದ್ದು. ಆಯೋಗದ ಅಧ್ಯಕ್ಷರು ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್. ಸಂವಿಧಾನದ 2003ರ 87ನೇ ತಿದ್ದುಪಡಿ ಪ್ರಕಾರ 2001ರ ಜನಗಣತಿಯೇ ಆಧಾರ. ಹೊಸ ಗಡಿಯ ಮೇಲೆ ದೇಶದಲ್ಲಿ ಮೊದಲು ಚುನಾವಣೆ ನಡೆದದ್ದು ನಮ್ಮಲ್ಲೇ, 2008ರ ಮೇನಲ್ಲಿ. ಆಗ ಉತ್ತರಹಳ್ಳಿ, ಬಿನ್ನಿಪೇಟೆ, ಜಯಮಹಲ್, ಭಾರತಿನಗರ, ವರ್ತೂರು ಕ್ಷೇತ್ರಗಳು ಇಲ್ಲವಾದವು.

ಕಾಯ್ದೆಯ 9ನೇ ಸೆಕ್ಷನ್ ಹೇಳೋದು: ಕ್ಷೇತ್ರ ಭೌಗೋಳಿಕವಾಗಿ ಒತ್ತಟ್ಟಿಗಿರಬೇಕು, ನೈಸರ್ಗಿಕ ಲಕ್ಷಣ, ಆಡಳಿತ ಘಟಕಗಳ ಈಗಿನ ಗಡಿ, ಸಂಪರ್ಕ ಸೌಕರ್ಯ, ಸಾರ್ವಜನಿಕರ ಅನುಕೂಲ ಇವನ್ನೆಲ್ಲ ನೋಡಬೇಕು. ಆದ್ರೆ ನಿಜಕ್ಕೂ ಕೈ ಕಟ್ಟಿಹಾಕೋದು ಜನಸಂಖ್ಯೆ. 2001ರಲ್ಲಿ ರಾಜ್ಯದ ಜನ 5,28,50,562. 224ರಿಂದ ಭಾಗಿಸಿದ್ರೆ ಕ್ಷೇತ್ರಕ್ಕೆ ಸುಮಾರು 2.36 ಲಕ್ಷ. ಇದಕ್ಕಿಂತ ಶೇ 10ರಷ್ಟು ಹೆಚ್ಚು ಕಡಿಮೆ ಆಗಬಹುದು, ಅದಕ್ಕಿಂತ ಜಾಸ್ತಿ ಆಗಬಾರದು ಅನ್ನೋ ಮಾರ್ಗಸೂಚಿ.

ಆಗ ಕೈಯಲ್ಲಿದ್ದ ಇಟ್ಟಿಗೆ ಅಂದ್ರೆ ಬೆಂಗಳೂರು ಮಹಾನಗರ ಪಾಲಿಕೆಯ 100 ವಾರ್ಡುಗಳು, ಹೊರಗೆ ನಗರಸಭೆಗಳು ಮತ್ತು ಹಳ್ಳಿಗಳು. ಬಿಬಿಎಂಪಿ ಹುಟ್ಟಿದ್ದು 2007ರಲ್ಲಿ, 198 ವಾರ್ಡಿಗೆ ಮೊದಲ ಚುನಾವಣೆ 2010ರಲ್ಲಿ. ಅಂದ್ರೆ ಮೊದಲು ಕ್ಷೇತ್ರ, ಆಮೇಲೆ ಅದರೊಳಗೆ ವಾರ್ಡು. ಪೇಟೆಯ ವಾರ್ಡುಗಳಷ್ಟನ್ನೇ ಕೂಡಿಸಿದ್ರೆ 2.36 ಲಕ್ಷ ತುಂಬಲ್ಲ. ಹಾಗಾಗಿ ಚಿಕ್ಕಪೇಟೆ ದಕ್ಷಿಣಕ್ಕೆ ಚಾಚಿಕೊಂಡು ವಿಶ್ವೇಶ್ವರಪುರ, ಸಿದ್ದಾಪುರ, ಹೊಂಬೇಗೌಡನಗರ ದಾಟಿ ಅಶೋಕ ಪಿಲ್ಲರ್‌ವರೆಗೆ ಬಂತು.

ಸಾರಕ್ಕಿ_ಗೇಟ್
ರಾಜಕೀಯ ಇಲ್ವೇ ಇಲ್ಲ, ಬರೀ ಗಣಿತ ಅಂತೀರಾ? ಒಪ್ಪೋಕಾಗಲ್ಲ.

ಗಡಿನಕ್ಷೆ
ಹಾಗೆ ಹೇಳಿಲ್ಲ. ಪ್ರತಿ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಆಯೋಗದ ಸಹ ಸದಸ್ಯರಾಗಿರ್ತಾರೆ. ಮತ ಹಾಕೋ ಅಧಿಕಾರ ಇಲ್ಲ, ಆದ್ರೆ ಕರಡಿನ ಮೇಲೆ ಭಿನ್ನಾಭಿಪ್ರಾಯ ಬರೆದರೆ ಅದನ್ನೂ ಕರಡಿನ ಜೊತೆ ಪ್ರಕಟಿಸಲೇಬೇಕು. ಆಮೇಲೆ ಸಾರ್ವಜನಿಕರ ಆಕ್ಷೇಪಣೆ, ಬಹಿರಂಗ ವಿಚಾರಣೆ. ಒತ್ತಡ ಬರೋದು ಈ ಹಂತದಲ್ಲೇ, ಬಂದಿರುತ್ತೆ ಕೂಡ. ಆ ವಿಚಾರಣೆಗೆ ಪಕ್ಷದವರು ನಕ್ಷೆ ಹಿಡಿದು ಬರ್ತಾರೆ, ನಿವಾಸಿ ಸಂಘದವರು ಬರೋದೇ ಇಲ್ಲ.

ಕೊಪ್ಪ_ತಾಲ್ಲೂಕು
ಬೆಂಗಳೂರಿನವರಿಗೆ 28 ಸೀಟು ಸಾಲದಾ? ಯಾವಾಗಲೂ ಅನ್ಯಾಯ ಆಗಿದೆ ಅಂತ ಹೇಳ್ತೀರಿ.

ಲೆಕ್ಕದಪುಸ್ತಕ
ಅಂಕಿ ಇಟ್ಟುಕೊಂಡೇ ಮಾತಾಡೋಣ. 2001ರಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನ 65,37,124. ರಾಜ್ಯದ ಶೇ 12.37. 224ರಲ್ಲಿ ಅದರ ಪಾಲು 27.7. ಕೊಟ್ಟಿದ್ದು 28. ಆ ದಿನದ ಮಟ್ಟಿಗೆ ನ್ಯಾಯ ಸರಿಯಾಗೇ ಇತ್ತು.

2011ರಲ್ಲಿ ಜಿಲ್ಲೆ 96,21,551, ರಾಜ್ಯ 6,10,95,297. ಶೇ 15.75. ಪಾಲು 35ಕ್ಕೆ ಬರುತ್ತೆ. ಏಳು ಸೀಟು ಖೋತಾ. ಅದೂ 2011ರ ಲೆಕ್ಕ. ಆಮೇಲೆ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಕನಕಪುರ ರಸ್ತೆ ಎಷ್ಟು ತುಂಬಿಕೊಂಡಿವೆ ನೋಡಿ.

ಕೊಪ್ಪ_ತಾಲ್ಲೂಕು
ಆ ಏಳು ಎಲ್ಲಿಂದ ಬರುತ್ತೆ? ಒಟ್ಟು 224 ಹಾಗೇ ಇದ್ದರೆ ನಮ್ಮಂಥ ಕಡೆಯಿಂದಲೇ. ಶೃಂಗೇರಿ ಕ್ಷೇತ್ರ ಅಂದ್ರೆ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಮೂರು ತಾಲ್ಲೂಕು. ಮತದಾರರು 2 ಲಕ್ಷಕ್ಕೂ ಕಡಿಮೆ ಇರಬಹುದು, ಆದ್ರೆ ಮಳೆಗಾಲದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ನೋಡಿ. ಜಯನಗರ ಕ್ಷೇತ್ರವನ್ನ ಅರ್ಧ ದಿನದಲ್ಲಿ ನಡೆದು ಮುಗಿಸಬಹುದು. ಶಾಸಕರು ಜನರ ಕೈಗೆ ಸಿಗೋದು ತಲೆ ಎಣಿಕೆ ಮೇಲೆ ಮಾತ್ರ ನಿಂತಿಲ್ಲ.

ಲೆಕ್ಕದಪುಸ್ತಕ
ನಿಮ್ಮ ಮಾತಲ್ಲಿ ಹುರುಳಿದೆ. ಗುಡ್ಡಗಾಡು, ಸಂಪರ್ಕ, ಇವನ್ನೂ ನೋಡಿ ಅಂತ ಕಾಯ್ದೆಯೇ ಹೇಳುತ್ತೆ. ಅದಕ್ಕೇ ಶೇ 10ರ ಸಡಿಲಿಕೆ. ಆದ್ರೆ ಈಗಿನ ಅಂತರ ಶೇ 10 ಅಲ್ಲ, ಮೂರು ಪಟ್ಟಿಗೂ ಹೆಚ್ಚು. ಮಹದೇವಪುರ ಮತ್ತು 176ನೇ ಸಂಖ್ಯೆಯ ಬೆಂಗಳೂರು ದಕ್ಷಿಣ, ಎರಡರಲ್ಲೂ ಮತದಾರರು 6 ಲಕ್ಷ ದಾಟಿದ್ದಾರೆ.

ಹಳ್ಳಿ-ನಗರ ಜಗಳ ಬದಿಗಿಡಿ, ನಗರದ ಒಳಗೇ ನೋಡಿ. ಜಯನಗರದಲ್ಲಿ ಮತದಾರರು 2 ಲಕ್ಷದ ಆಸುಪಾಸು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಎಲ್ಲರಿಗೂ ಒಂದೇ, ವರ್ಷಕ್ಕೆ ₹2 ಕೋಟಿ. ಜಯನಗರದಲ್ಲಿ ತಲೆಗೆ ನೂರು ರೂಪಾಯಿ, ಮಹದೇವಪುರದಲ್ಲಿ ಮೂವತ್ತಮೂರು. ಚರಂಡಿ, ರಸ್ತೆ ಆಗಬೇಕಿರೋದು ಎಲ್ಲಿ? ಮಹದೇವಪುರದಲ್ಲಿ. ಇದು ಮಲೆನಾಡಿನವರು ಕಸಿದುಕೊಂಡಿದ್ದಲ್ಲ, ನಗರದ ಒಳಗಿನ ಗಡಿ ಹಳತಾಗಿದೆ ಅಷ್ಟೇ.

ವರ್ತೂರು_ಕೋಡಿ
ಸರಿಯಾಗಿ ಹೇಳಿದ್ರಿ. ಇನ್ನೊಂದು ಸೇರಿಸ್ತೀನಿ: ಮಹದೇವಪುರ ಪರಿಶಿಷ್ಟ ಜಾತಿಗೆ ಮೀಸಲು. ನಗರ ಜಿಲ್ಲೆಯಲ್ಲಿ ಪುಲಿಕೇಶಿನಗರ, ಸಿ.ವಿ. ರಾಮನ್‌ನಗರ, ಆನೇಕಲ್ ಕೂಡ. ಪರಿಶಿಷ್ಟರ ಪ್ರಮಾಣ ಹೆಚ್ಚಿರೋ ಕಡೆ ಮೀಸಲು ಅನ್ನೋ ತೀರ್ಮಾನವೂ 2001ರ ಜನಗಣತಿಯದ್ದೇ. 2001ರ ವರ್ತೂರು-ಮಹದೇವಪುರ ಹಳ್ಳಿಗಳ ಗುಂಪು. ಈಗ ಅಪಾರ್ಟ್‌ಮೆಂಟುಗಳ ನಡುವೆ ಆ ಹಳ್ಳಿಗಳ ಜನರ ದನಿ ಕೇಳಿಸೋಕೆ ಉಳಿದಿರೋ ಬಲ ಮೀಸಲಾತಿಯೊಂದೇ. ಮುಂದಿನ ವಿಂಗಡಣೆಯಲ್ಲಿ ಆ ಹಳ್ಳಿಗಳನ್ನ ನಾಲ್ಕು ಕ್ಷೇತ್ರಕ್ಕೆ ಹಂಚಿಬಿಟ್ರೆ ಅದೂ ಹೋಗುತ್ತೆ. ಇದರ ಬಗ್ಗೆ ಯಾರೂ ಮಾತಾಡ್ತಿಲ್ಲ.

ಬಿಟಿಎಂ_29ನೇಮೇನ್
ಮಹದೇವಪುರ ಅಂದ ಮೇಲೆ ಅಲ್ಲಿನ ಮತದಾರರ ಪಟ್ಟಿಯಲ್ಲಿ ನಕಲಿ ಹೆಸರುಗಳಿವೆ ಅನ್ನೋ ಗಲಾಟೆ ಬರಲೇಬೇಕಲ್ಲ. ಅದರ ಬಗ್ಗೆ ಏನಂತೀರಿ?

ನಿರ್ವಾಹಕ
ಆ ಆರೋಪ, ಅದಕ್ಕೆ ಚುನಾವಣಾ ಆಯೋಗದ ಉತ್ತರ, ಎರಡಕ್ಕೂ ಬೇರೆ ಎಳೆ ಇದೆ. ಪಕ್ಷದ ಜಗಳ ಇಲ್ಲಿ ಬೇಡ. ಪಟ್ಟಿ ಪರಿಶೀಲಿಸೋದು ಹೇಗೆ ಅನ್ನೋದು ಬರೀಬಹುದು.

ಭಾಗಸಂಖ್ಯೆ
ಹಾಗಾದ್ರೆ ಅದನ್ನೇ ಬರೀತೀನಿ. ಮನೆ ಬದಲಾಯಿಸಿದವರು ನಮೂನೆ 8 ಹಾಕಬೇಕು. ಅದೇ ಕ್ಷೇತ್ರದೊಳಗೆ ಹೋದರೂ ಅದೇ, ಬೇರೆ ಕ್ಷೇತ್ರಕ್ಕೆ ಹೋದರೂ ಅದೇ. ಹಳೇ 8ಎ 2022ರಿಂದ ಇಲ್ಲ. ನಮೂನೆ 6 ಮೊದಲ ಸಲ ಹೆಸರು ಸೇರಿಸುವವರಿಗೆ ಮಾತ್ರ. ಇಲ್ಲೇ ಬಹಳ ಜನ ಎಡವೋದು: ಹೊಸ ಮನೆಗೆ ಬಂದು ಮತ್ತೆ ನಮೂನೆ 6 ಹಾಕ್ತಾರೆ, ಹಳೇ ಕಡೆಯ ಹೆಸರು ಅಲ್ಲೇ ಉಳಿಯುತ್ತೆ, ಒಬ್ಬರಿಗೇ ಎರಡು ನೋಂದಣಿ ಆಗುತ್ತೆ. ಎರಡು ಕಡೆ ಹೆಸರಿಟ್ಟುಕೊಳ್ಳೋದು, ಇಲ್ಲ ಅಂತ ಸುಳ್ಳು ಘೋಷಣೆ ಕೊಡೋದು ಕಾನೂನಿಗೆ ವಿರುದ್ಧ.

ತೀರಿಕೊಂಡವರ, ಬಿಟ್ಟುಹೋದವರ ಹೆಸರು ತೆಗೆಸೋಕೆ ನಮೂನೆ 7. ಇದನ್ನ ಯಾರದೋ ಹೆಸರಲ್ಲಿ ಯಾರೋ ಹಾಕಿಬಿಡ್ತಾರೆ, ಆದ್ದರಿಂದ ಪಟ್ಟಿಯ ಕರಡು ಬಂದಾಗೆಲ್ಲ ನಿಮ್ಮ ಹೆಸರು ಇದೆಯಾ ನೋಡಿ. ಅರ್ಹತಾ ದಿನಾಂಕ ಈಗ ವರ್ಷಕ್ಕೆ ನಾಲ್ಕು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೆಂಟು ತುಂಬಿದವರು ಮುಂದಿನ ಜನವರಿವರೆಗೆ ಕಾಯಬೇಕಿಲ್ಲ.

ಪಟ್ಟಿಯಲ್ಲಿ ನೋಡಬೇಕಾದ್ದು ಕ್ಷೇತ್ರದ ಸಂಖ್ಯೆ, ಭಾಗ ಸಂಖ್ಯೆ, ಕ್ರಮ ಸಂಖ್ಯೆ ಮೂರನ್ನೂ. ಮೂಲ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ: ನಿಮ್ಮ ಕ್ಷೇತ್ರ ಯಾವುದು ಅಂತ ಬಡಾವಣೆ ಹೆಸರು ನೋಡಿ ಊಹಿಸಬೇಡಿ. 173 ಅಂತಿದ್ರೆ ಜಯನಗರ, 169 ಅಂತಿದ್ರೆ ಚಿಕ್ಕಪೇಟೆ, 171 ಪದ್ಮನಾಭನಗರ.

ತಲಘಟ್ಟಪುರ
ಹೆಸರಿನ ಗೊಂದಲ ಅಂದ್ರೆ ನಮ್ಮದು. ಬೆಂಗಳೂರು ದಕ್ಷಿಣ ಅನ್ನೋದು ವಿಧಾನಸಭಾ ಕ್ಷೇತ್ರ. ಅದೇ ಹೆಸರಿನ ಲೋಕಸಭಾ ಕ್ಷೇತ್ರ ಇದೆ, ಆದ್ರೆ ಈ ವಿಧಾನಸಭಾ ಕ್ಷೇತ್ರ ಅದರೊಳಗಿಲ್ಲ, ಬೆಂಗಳೂರು ಗ್ರಾಮಾಂತರ ಲೋಕಸಭೆಗೆ ಸೇರಿದೆ. 2025ರಲ್ಲಿ ರಾಮನಗರ ಜಿಲ್ಲೆಗೂ ಅದೇ ಹೆಸರಿಟ್ಟರು. ಆಮೇಲೆ ದಕ್ಷಿಣ ನಗರ ಪಾಲಿಕೆ. ತಾಲ್ಲೂಕು ಬೇರೆ. ಅರ್ಜಿ ಮೇಲೆ "ಬೆಂಗಳೂರು ದಕ್ಷಿಣ" ಅಂತಷ್ಟೇ ಬರೆದ್ರೆ ಐದರಲ್ಲಿ ಯಾವ ಮೇಜಿಗೆ ಹೋಗುತ್ತೋ. ಕ್ಷೇತ್ರದ ಸಂಖ್ಯೆ ಬರೆಯೋದು ಕಡ್ಡಾಯ ಅಂದ್ಕೊಳ್ಳಿ.

ಗುರಪ್ಪನಪಾಳ್ಯ_ಸಂಜೆ
ವೋಟಿನ ಬೆಲೆ ಗೊತ್ತಾಗಬೇಕು ಅಂದ್ರೆ 2023ರ ಜಯನಗರ ನೋಡಿ. ಸಿ.ಕೆ. ರಾಮಮೂರ್ತಿ 57,797, ಸೌಮ್ಯಾ ರೆಡ್ಡಿ 57,781. ಹದಿನಾರು ವೋಟು. ಸೌಮ್ಯಾ ರೆಡ್ಡಿ ಹೆಸರಿನವರೇ ಆದ ಇನ್ನೊಬ್ಬ ಪಕ್ಷೇತರ ಅಭ್ಯರ್ಥಿಗೆ ಬಿದ್ದ ವೋಟು ಇದಕ್ಕಿಂತ ಎಷ್ಟೋ ಹೆಚ್ಚು, ನೋಟಾಗೂ ಅಷ್ಟೇ.

ಸಾರಕ್ಕಿ_ಗೇಟ್
ಮೊದಲು ಒಬ್ಬರು ಮುಂದೆ, ಮರುಎಣಿಕೆ ಆದ ಮೇಲೆ ಇನ್ನೊಬ್ಬರು. ಆ ರಾತ್ರಿ ಎಣಿಕೆ ನಡೆದ ಎಸ್‌ಎಸ್‌ಎಂಆರ್‌ವಿ ಕಾಲೇಜಿನ ಹೊರಗೆ ಎರಡೂ ಪಕ್ಷದ ನಾಯಕರು ಬಂದು ನಿಂತಿದ್ದರು. ಯಂತ್ರದ ವೋಟು ಬದಲಾಗೋದು ಹೇಗೆ?

ಎಣಿಕೆಮೇಜು
ಯಂತ್ರದ ವೋಟು ಬದಲಾಗಲ್ಲ ಸಾರ್. ಅಂತರ ಇಷ್ಟು ಸಣ್ಣದಾದಾಗ ಜಗಳ ಬರೋದು ಅಂಚೆ ಮತಪತ್ರದಲ್ಲಿ. ಅದು ಹೇಗೆ ತಿರಸ್ಕೃತ ಆಗುತ್ತೆ ಅಂತ ಗೊತ್ತಿದ್ರೆ ಎಲ್ಲ ಅರ್ಥ ಆಗುತ್ತೆ.

ಅಂಚೆ ಮತಕ್ಕೆ ಎರಡು ಲಕೋಟೆ, ಒಂದು ಘೋಷಣೆ. ಮತಪತ್ರ ಹೋಗೋದು ಒಳ ಲಕೋಟೆಗೆ, ಅದು 13ಬಿ. ಮತದಾರ ಸಹಿ ಹಾಕಿ ದೃಢೀಕರಿಸಿದ ಘೋಷಣೆ 13ಎ, ಇದು ಒಳ ಲಕೋಟೆಯ ಹೊರಗಿರಬೇಕು. ಎರಡನ್ನೂ ಸೇರಿಸಿ ಹೊರ ಲಕೋಟೆ 13ಸಿಯಲ್ಲಿ ಹಾಕ್ತಾರೆ. ಎಣಿಕೆ ಮೇಜಿನಲ್ಲಿ ಮೊದಲು 13ಸಿ ಒಡೆದು 13ಎ ಹುಡುಕ್ತಾರೆ. ಘೋಷಣೆ ಇಲ್ಲ, ಸಹಿ ಇಲ್ಲ, ದೃಢೀಕರಣ ಇಲ್ಲ, ಅಥವಾ ಅದರ ಮೇಲಿನ ಮತಪತ್ರದ ಕ್ರಮಸಂಖ್ಯೆ 13ಬಿ ಮೇಲಿನದ್ದಕ್ಕೆ ಹೊಂದಲ್ಲ ಅಂದ್ರೆ ಒಳ ಲಕೋಟೆ ಒಡೆಯೋದೇ ಇಲ್ಲ, ಹಾಗೇ ತಿರಸ್ಕೃತ. ಎಲ್ಲ ಸರಿ ಇದ್ದು ಒಳಗೆ ಇಬ್ಬರಿಗೆ ಗುರುತು ಹಾಕಿದ್ರೆ, ಅಥವಾ ಯಾರಿಗೂ ಹಾಕದಿದ್ರೆ ಆಗಲೂ ತಿರಸ್ಕೃತ. ತುಂಬ ಜನ 13ಎಯನ್ನ ಮತಪತ್ರದ ಜೊತೆ ಒಳ ಲಕೋಟೆಗೇ ಹಾಕಿ ಅಂಟಿಸಿಬಿಡ್ತಾರೆ. ವೋಟು ಸರಿಯಾಗಿದ್ರೂ ಎಣಿಕೆಗೆ ಬರಲ್ಲ. ಚುನಾವಣಾ ಕರ್ತವ್ಯದಲ್ಲಿರೋ ಶಿಕ್ಷಕರು, ಪೊಲೀಸರ ವೋಟುಗಳೇ ಹೀಗೆ ಹಾಳಾಗೋದು ನೋಡಿದ್ರೆ ನಿಜಕ್ಕೂ ಬೇಸರ ಆಗುತ್ತೆ.

ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆ ಇದ್ರೆ ಆ ತಿರಸ್ಕೃತ ಮತಗಳನ್ನೆಲ್ಲ ಮತ್ತೆ ಪರಿಶೀಲಿಸಲೇಬೇಕು ಅನ್ನೋದು ಚುನಾವಣಾ ಆಯೋಗದ ಸೂಚನೆ. ಹದಿನಾರರ ಅಂತರದಲ್ಲಿ ಒಂದೊಂದು ಲಕೋಟೆಯೂ ಫಲಿತಾಂಶವೇ.

ಶಾಕಾಂಬರಿ_ನಗರ
ಮರುಎಣಿಕೆ ಎಷ್ಟು ಸಲ ಬೇಕಾದ್ರೂ ಕೇಳಬಹುದಾ?

ಎಣಿಕೆಮೇಜು
1961ರ ಚುನಾವಣಾ ನಿಯಮಗಳ 63ನೇ ನಿಯಮ. ಒಟ್ಟು ಮತ ಓದಿ ಹೇಳಿದ ಮೇಲೆ, ಚುನಾವಣಾಧಿಕಾರಿ ಅಂತಿಮ ಫಲಿತಾಂಶದ ಹಾಳೆಗೆ, ಅಂದ್ರೆ ನಮೂನೆ 20ಕ್ಕೆ ಸಹಿ ಹಾಕೋ ಮುಂಚೆ, ಕಾರಣ ಬರೆದು ಲಿಖಿತ ಅರ್ಜಿ ಕೊಡಬೇಕು. ಅಧಿಕಾರಿ ಒಪ್ಪಬಹುದು, ಭಾಗಶಃ ಒಪ್ಪಬಹುದು, ತಿರಸ್ಕರಿಸಬಹುದು, ಆದ್ರೆ ಕಾರಣ ಬರೆಯಬೇಕು. ಸಹಿ ಬಿತ್ತು ಅಂದ್ರೆ ಅಲ್ಲಿಗೆ ಮುಗೀತು. ಆಮೇಲೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ, 45 ದಿನದೊಳಗೆ, ₹2,000 ಠೇವಣಿ ಇಟ್ಟು. ಒಂದು ದಿನ ತಡವಾದ್ರೂ ಅರ್ಜಿ ನಿಲ್ಲಲ್ಲ.

ಏಜೆಂಟರಾಗಿ ಕೂರೋರು ಮರೀಬಾರದ್ದು ನಮೂನೆ 17ಸಿ, ಅಂದ್ರೆ ಆ ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕದ ಹಾಳೆ. ಮತದಾನದ ಸಂಜೆ ಮತಗಟ್ಟೆಯಲ್ಲೇ ಅದರ ಪ್ರತಿ ತಗೊಂಡಿರಬೇಕು. ಎಣಿಕೆ ದಿನ ಕಂಟ್ರೋಲ್ ಯೂನಿಟ್‌ನ ಕ್ರಮಸಂಖ್ಯೆ, ಸೀಲ್, ಒಟ್ಟು ಮತ ಮೂರನ್ನೂ ಆ ಹಾಳೆಗೆ ತಾಳೆ ಹಾಕಿ ನೋಡಬೇಕು. ಅಣಕು ಮತದಾನದ ಮತ ಅಳಿಸೋದು ಮರೆತ ಯಂತ್ರ ಇದ್ರೆ ಸಂಖ್ಯೆ ಹೊಂದಲ್ಲ, ಆ ಯಂತ್ರ ಪಕ್ಕಕ್ಕಿಡ್ತಾರೆ. ಅಂತರ ಸಣ್ಣದಾದ್ರೆ ಮಾತ್ರ ಅದರ ವಿವಿಪ್ಯಾಟ್ ಚೀಟಿ ಎಣಿಸ್ತಾರೆ. 17ಸಿ ಪ್ರತಿ ಕೈಯಲ್ಲಿಲ್ಲದ ಏಜೆಂಟ್ ಅಲ್ಲಿದ್ದೂ ಇಲ್ಲದ ಹಾಗೆ.

ಯಳಂದೂರು_ಕಡೆಯವ
ಹದಿನಾರು ಏನು, 2004ರಲ್ಲಿ ನಮ್ಮ ಸಂತೇಮರಹಳ್ಳಿಯಲ್ಲಿ ಅಂತರ ಒಂದೇ ವೋಟು. ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಮುಂದಿನ ಚುನಾವಣೆ ಹೊತ್ತಿಗೆ ಆ ಕ್ಷೇತ್ರವೇ ಇರಲಿಲ್ಲ, ಮೇಲೆ ಹೇಳಿದ ಅದೇ ಪುನರ್ವಿಂಗಡಣೆಯಲ್ಲಿ ಹೋಯ್ತು.

ಬೈರಸಂದ್ರ_ಕೆರೆ
ಜಯನಗರದ್ದು 2018ರಲ್ಲೂ ಬೇರೆ ದಿನವೇ. ಶಾಸಕ ಬಿ.ಎನ್. ವಿಜಯಕುಮಾರ್ ಪ್ರಚಾರದ ನಡುವೆ ಮೇ 4ರಂದು ತೀರಿಕೊಂಡರು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಮತದಾನಕ್ಕೆ ಮುಂಚೆ ತೀರಿಕೊಂಡರೆ ಮತದಾನ ಮುಂದೂಡಿ, ಆ ಪಕ್ಷಕ್ಕೆ ಹೊಸಬರನ್ನ ಹೆಸರಿಸೋಕೆ ಏಳು ದಿನ ಕೊಡ್ತಾರೆ. ಜೂನ್ 11ಕ್ಕೆ ಮತದಾನ ಆಯ್ತು, ಸೌಮ್ಯಾ ರೆಡ್ಡಿ 2,889 ಮತದಿಂದ ಗೆದ್ದರು. ರಾಜರಾಜೇಶ್ವರಿನಗರವೂ ಆಗ ಮುಂದಕ್ಕೆ ಹೋಗಿತ್ತು, ಅದರ ಕಾರಣ ಬೇರೆ: ಜಾಲಹಳ್ಳಿಯ ಫ್ಲ್ಯಾಟಿನಲ್ಲಿ ಸಿಕ್ಕ ಮತದಾರರ ಗುರುತಿನ ಚೀಟಿಗಳು.

ಅಶೋಕಪಿಲ್ಲರ್_153
ಎಲ್ಲ ಸರಿ, ಮೂರನೇ ಪ್ರಶ್ನೆ ಹಾಗೇ ಉಳೀತು. ಫುಟ್‌ಪಾತ್‌ಗೆ ಯಾರ ಹತ್ತಿರ ಹೋಗಬೇಕು?

ಕಡತಸಂಖ್ಯೆ
ಶಾಸಕರ ಹತ್ತಿರ ಅಲ್ಲ. ಫುಟ್‌ಪಾತ್, ಸಣ್ಣ ಚರಂಡಿ, ಕಸ, ಬೀದಿದೀಪ, ಪಾರ್ಕು ಪಾಲಿಕೆಯ ಕೆಲಸ. ವಾರ್ಡ್ ಎಂಜಿನಿಯರ್‌ಗೆ ಲಿಖಿತ ದೂರು, ಅದರ ಪ್ರತಿ ಮೇಲಧಿಕಾರಿಗೆ. ನೀರು, ಒಳಚರಂಡಿ ಜಲಮಂಡಳಿಯದ್ದು, ವಿದ್ಯುತ್ ಬೆಸ್ಕಾಂನದ್ದು. ಇವೆರಡೂ ರಾಜ್ಯ ಸರ್ಕಾರದ ಕೈಕೆಳಗೆ ಇರೋದ್ರಿಂದ ಕೆಲಸ ಆಗದಿದ್ದಾಗ ಶಾಸಕರನ್ನ ಕೇಳೋದು ನ್ಯಾಯವೇ.

ಆದ್ರೆ ಬೆಂಗಳೂರಲ್ಲಿ ಈ ಗೆರೆ ಅಳಿಸಿಹೋಗಿದೆ. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗೀತು, ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ. ವಾರ್ಡು 198 ಇದ್ದದ್ದು 243 ಅಂದ್ರು, 225 ಅಂದ್ರು, ಈಗ ನಗರವನ್ನ ಐದು ಪಾಲಿಕೆಯಾಗಿ ಒಡೆದ ಮೇಲೆ ಐದೂ ಸೇರಿ 369. ಪ್ರತಿ ಸಲ ಗಡಿ ಬದಲಾದಾಗ ಮೀಸಲಾತಿ ಪಟ್ಟಿ ಹೊಸದು, ಕೋರ್ಟ್ ಕೇಸು ಹೊಸದು. ಈ ಮಧ್ಯೆ ಯಾವ ರಸ್ತೆಗೆ ಡಾಂಬರು, ಯಾವ ಚರಂಡಿಗೆ ಟೆಂಡರು ಎಲ್ಲವೂ ಶಾಸಕರ ಮಾತಿನ ಮೇಲೆ ನಡೀತು. ಏಳು ಕಾರ್ಪೊರೇಟರ್ ಮಾಡಬೇಕಾದ ಕೆಲಸ ಒಬ್ಬರ ಕೈಗೆ ಬಂದಾಗ ಅವರು ಶಾಸನ ಓದೋದು ಯಾವಾಗ?

ಪಟ್ಟಾಭಿರಾಮ_ನಗರ
ಶಾಸಕರೇ ಮಾಡಿಸಿದ್ರೆ ತಪ್ಪೇನು? ಕಾರ್ಪೊರೇಟರ್ ಇದ್ದಾಗ ಮಾತ್ರ ಸ್ವರ್ಗ ಆಗಿತ್ತಾ?

ಕಡತಸಂಖ್ಯೆ
ಸ್ವರ್ಗ ಆಗಿರಲಿಲ್ಲ. ಆದ್ರೆ ಕೌನ್ಸಿಲ್ ಸಭೆಯಲ್ಲಿ ವಿರೋಧ ಪಕ್ಷದ ಸದಸ್ಯರು ಎದ್ದು ಬಿಲ್ ಕೇಳ್ತಿದ್ದರು, ನಡಾವಳಿಯಲ್ಲಿ ದಾಖಲಾಗ್ತಿತ್ತು. ಶಾಸಕರ ಕಚೇರಿಯಲ್ಲಿ ಆಡಿದ ಮಾತಿಗೆ ನಡಾವಳಿ ಇಲ್ಲ. ನಿಧಿಯ ವಿಷಯದಲ್ಲೂ ನೋಡಿ: ಶಾಸಕರು ಶಿಫಾರಸು ಮಾಡ್ತಾರೆ, ಮಂಜೂರು ಮಾಡೋದು ಜಿಲ್ಲಾಧಿಕಾರಿ. ಯಾವ ಕೆಲಸ, ಎಷ್ಟು ಮೊತ್ತ, ಯಾವ ಹಂತ ಅಂತ ಕೇಳೋದಾದ್ರೆ ಮಾಹಿತಿ ಹಕ್ಕು ಅರ್ಜಿ ಹೋಗಬೇಕಾದ್ದು ಜಿಲ್ಲಾಧಿಕಾರಿ ಕಚೇರಿಗೆ. ಬಹಳ ಜನ ಪಾಲಿಕೆಗೆ ಹಾಕ್ತಾರೆ, ಅದು ಅಲ್ಲಿಂದ ಇಲ್ಲಿಗೆ ವರ್ಗಾವಣೆ ಆಗೋದ್ರಲ್ಲೇ ದಿನ ಕಳೆಯುತ್ತೆ.

ಶಾಸಕರಿಂದ ಅವರದೇ ಕೆಲಸ ಮಾಡಿಸೋಣ. ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳಿದ್ರೆ ಸಚಿವರೇ ಎದ್ದು ಉತ್ತರಿಸಬೇಕು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ. ನಿವಾಸಿ ಸಂಘದವರು "ರಸ್ತೆ ಮಾಡಿಸಿ" ಅಂತ ಮನವಿ ಕೊಡೋ ಬದಲು, ಪ್ರಶ್ನೆಯನ್ನೇ ಟೈಪ್ ಮಾಡಿ ಕೊಡಿ: ಈ ಕಾಮಗಾರಿಗೆ ಮಂಜೂರಾದ ಮೊತ್ತ ಎಷ್ಟು, ಖರ್ಚಾದದ್ದು ಎಷ್ಟು, ಪೂರ್ಣಗೊಳ್ಳೋ ದಿನಾಂಕ ಯಾವುದು. ಅಧಿವೇಶನಕ್ಕೆ ಮೂರು-ನಾಲ್ಕು ವಾರ ಮುಂಚೆ ಕೊಡಬೇಕು, ಶುರುವಾದ ಮೇಲೆ ಕೊಟ್ಟರೆ ಉಪಯೋಗ ಇಲ್ಲ.

ಶಾಕಾಂಬರಿ_ನಗರ
ಇದು ಉಪಯೋಗದ ಮಾತು. ಎರಡನೇ ಪ್ರಶ್ನೆಗೆ ಯಾರಾದ್ರೂ ಉತ್ತರಿಸಿ, ಗಡಿ ಬದಲಾಗೋದು ಯಾವಾಗ?

ಗಡಿನಕ್ಷೆ
ಸಂವಿಧಾನದ 84ನೇ ತಿದ್ದುಪಡಿ ಪ್ರಕಾರ 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗೋವರೆಗೆ ಸೀಟುಗಳ ಹಂಚಿಕೆ ಮುಟ್ಟುವಂತಿಲ್ಲ. ಹೊಸ ಜನಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಅದಾದ ಮೇಲೆ ಹೊಸ ಕಾಯ್ದೆ, ಹೊಸ ಆಯೋಗ, ಕರಡು, ವಿಚಾರಣೆ. ಲೋಕಸಭೆ ಸೀಟಿನ ಜಗಳದಲ್ಲಿ ಎಲ್ಲರೂ ಮುಳುಗಿರೋದ್ರಿಂದ ವಿಧಾನಸಭೆ ಗಡಿ ಕಡೆ ಯಾರ ಗಮನವೂ ಇಲ್ಲ. ಅದು 170ನೇ ವಿಧಿಯ ವಿಷಯ, ಬೇರೆಯೇ.

ಸಾರಕ್ಕಿ_ಗೇಟ್
ಆದೇಶ ಬಂದ ಮೇಲೆ ಕೋರ್ಟಿಗೆ ಹೋದ್ರಾಯ್ತು.

ಗಡಿನಕ್ಷೆ
ಆಗಲ್ಲ. ಪುನರ್ವಿಂಗಡಣೆ ಆದೇಶವನ್ನ ಕೋರ್ಟಿನಲ್ಲಿ ಪ್ರಶ್ನಿಸೋಕೆ ಸಂವಿಧಾನದ 329ನೇ ವಿಧಿ ಬಾಗಿಲು ಹಾಕಿದೆ. 2024ರಲ್ಲಿ ಸುಪ್ರೀಂ ಕೋರ್ಟು, ಆದೇಶ ತೀರಾ ಮನಸೋಇಚ್ಛೆಯಾಗಿದ್ದು ಸಂವಿಧಾನದ ಮೌಲ್ಯಕ್ಕೆ ವಿರುದ್ಧವಾಗಿದ್ರೆ ನೋಡಬಹುದು ಅಂತ ಸಣ್ಣ ಕಿಂಡಿ ಬಿಟ್ಟಿದೆ. ಬಡಾವಣೆ ಮೂರು ಕ್ಷೇತ್ರಕ್ಕೆ ಹಂಚಿಹೋಯ್ತು ಅನ್ನೋ ದೂರು ಆ ಕಿಂಡಿಯಲ್ಲಿ ತೂರಲ್ಲ. ಮಾಡೋದೆಲ್ಲ ಕರಡಿನ ಹಂತದಲ್ಲೇ ಮಾಡಬೇಕು.

ಅಶೋಕಪಿಲ್ಲರ್_153
ಆಕ್ಷೇಪಣೆ ಹೇಗಿರಬೇಕು? "ಜಯನಗರವನ್ನ ಜಯನಗರಕ್ಕೇ ಸೇರಿಸಿ" ಅಂತ ಸಹಿ ಸಂಗ್ರಹ ಮಾಡಿದ್ರೆ ಸಾಕಾ?

ಗಡಿನಕ್ಷೆ
ಸಾಲದು. ಸಾವಿರ ಸಹಿಗಿಂತ ಒಂದು ಕೋಷ್ಟಕ ಮೇಲು. ಒಂದು ವಾರ್ಡನ್ನ ಚಿಕ್ಕಪೇಟೆಯಿಂದ ತೆಗೆದು ಜಯನಗರಕ್ಕೆ ಕೊಡಿ ಅಂದ್ರೆ, ಚಿಕ್ಕಪೇಟೆಯಲ್ಲಿ ಆಗೋ ಕೊರತೆ ಎಲ್ಲಿಂದ ತುಂಬಬೇಕು, ಜಯನಗರದಿಂದ ಯಾವುದು ಹೊರಗೆ ಹೋಗಬೇಕು ಅಂತಲೂ ಹೇಳಬೇಕು. ಮೂರೂ ಕ್ಷೇತ್ರ ಸರಾಸರಿಯ ಶೇ 10ರೊಳಗೆ ಉಳಿಯುತ್ತೆ ಅಂತ ಜನಗಣತಿ ಬ್ಲಾಕ್ ಅಂಕಿಯಿಂದಲೇ ತೋರಿಸಬೇಕು. ಮತದಾರರ ಸಂಖ್ಯೆ ಕೊಟ್ಟರೆ ಪ್ರಯೋಜನ ಇಲ್ಲ, ಆಯೋಗ ನೋಡೋದು ಜನಸಂಖ್ಯೆ. ಗಡಿಯಾಗಿ ರಸ್ತೆ, ರಾಜಕಾಲುವೆ, ಮೆಟ್ರೊ ಮಾರ್ಗ ಇಂಥ ಸ್ಪಷ್ಟ ಗೆರೆ ಹಿಡಿಯಿರಿ. ಅಕ್ಕಪಕ್ಕದ ಕ್ಷೇತ್ರದ ಸಂಘಗಳು ಒಂದಕ್ಕೊಂದು ವಿರುದ್ಧ ಅರ್ಜಿ ಕೊಟ್ಟರೆ ಆಯೋಗ ಕರಡನ್ನೇ ಉಳಿಸಿಕೊಳ್ಳುತ್ತೆ, ಆದ್ದರಿಂದ ಯಡಿಯೂರು, ವಿ.ವಿ. ಪುರದವರ ಜೊತೆ ಮೊದಲೇ ಕೂತು ಮಾತಾಡಿ.

ವರ್ತೂರು_ಕೋಡಿ
ಮಹದೇವಪುರಕ್ಕೂ ಇಂಥದ್ದೊಂದು ಕೋಷ್ಟಕ ಬೇಕು. ಹಳ್ಳಿವಾರು ಪರಿಶಿಷ್ಟರ ಜನಸಂಖ್ಯೆ 2011ರ ಜನಗಣತಿಯಲ್ಲಿ ಸಿಗುತ್ತೆ, ಮೊದಲು ಅದನ್ನ ಜೋಡಿಸ್ತೀನಿ. ಕೆ.ಆರ್. ಪುರ ಕಡೆಯವರು ಯಾರಾದ್ರೂ ಇದ್ರೆ ಇಲ್ಲೇ ಹೇಳಿ, ಗಡಿ ಹಂಚಿಕೊಳ್ಳೋರು ಸೇರಿದ್ರೆ ಮಾತ್ರ ಲೆಕ್ಕ ಕೂಡುತ್ತೆ.

ಹೂಡಿ_ಗೇಟ್
ಇದ್ದೀನಿ. ಕೆ.ಆರ್. ಪುರದ ಹಳೇ ವಾರ್ಡ್ ನಕ್ಷೆ ನನ್ನ ಹತ್ತಿರ ಇದೆ, ಹೊಸ 369ರ ಪಟ್ಟಿ ಜೊತೆ ತಾಳೆ ನೋಡಿ ಹಾಕ್ತೀನಿ.